ಹಾರ್ಲೆಮ್ ಸುದ್ದಿಗೆ ಕುಟುಂಬದ ಗುಂಪಿನಲ್ಲಿ ನಡೆದ ಜಟಾಪಟಿ

ಭಾವ (ಹಲವು ಬಾರಿ ಫಾರ್ವರ್ಡ್ ಆದದ್ದು): ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಹಾರ್ಲೆಮ್‌ನ ಬಡವರ ಮನೆಗಳನ್ನು ರಾತ್ರೋರಾತ್ರಿ ಕೆಡವಿತು. ಒಬ್ಬರೂ ತಡೆಯಲಿಲ್ಲ. ಎಲ್ಲರಿಗೂ ಕಳಿಸಿ 🙏

ಭಾವ: ನಾನು ಹೇಳ್ತಾನೇ ಇದ್ದೆ. ದೊಡ್ಡ ಸಂಸ್ಥೆ ಪಕ್ಕ ಜಾಗ ಇರಲೇಬಾರದು.

ವೀಣಕ್ಕ: ಯಾವ ವರ್ಷ, ಯಾವ ಬೀದಿ? ಏನೂ ಇಲ್ವಲ್ಲ ಭಾವ.

ಭಾವ: ಶುರುವಾಯ್ತು ಪಾಟೀಸವಾಲು. ಪಾಲುಪತ್ರದ ದಿನವೂ ಹೀಗೇ ಎಲ್ಲರನ್ನೂ ಕೂರಿಸಿದ್ದೆ.

ವೀಣಕ್ಕ: ಓದದೆ ಸಹಿ ಹಾಕಲಿಲ್ಲ, ಅಷ್ಟೇ. ಈಗ ಕೇಳಿ. ಜಾಗ ಹಾರ್ಲೆಮ್‌ನ ಮ್ಯಾನ್‌ಹ್ಯಾಟನ್‌ವಿಲ್, 125ರಿಂದ 133ನೇ ಬೀದಿವರೆಗೆ, ಸುಮಾರು 17 ಎಕರೆ. ಗೋದಾಮು, ಗ್ಯಾರೇಜುಗಳೇ ಹೆಚ್ಚು, ಕೆಲವು ವಾಸದ ಕಟ್ಟಡಗಳೂ ಇದ್ದವು. ರಾತ್ರೋರಾತ್ರಿ ಅಲ್ಲ, ವರ್ಷಗಟ್ಟಲೆ ನಡೀತು. 2007ರಲ್ಲಿ ಅಲ್ಲಿನ ಸ್ಥಳೀಯ ಮಂಡಳಿ (ಕಮ್ಯುನಿಟಿ ಬೋರ್ಡ್ 9) ವಿಶ್ವವಿದ್ಯಾಲಯದ ಹೊಸ ಕ್ಯಾಂಪಸ್ ಯೋಜನೆ ಬೇಡ ಅಂತ 32–2 ಮತ ಹಾಕಿತು. ಬೋರ್ಡ್ ಮತ ಬರೀ ಸಲಹೆ, ಯಾರನ್ನೂ ಕಟ್ಟಿಹಾಕಲ್ಲ. ಅದೇ ಡಿಸೆಂಬರ್‌ನಲ್ಲಿ ನಗರಸಭೆ ಒಪ್ಪಿಗೆ ಕೊಟ್ಟಿತು.

ದೊಡ್ಡಪ್ಪ: ವಿದ್ಯಾಸಂಸ್ಥೆ ಬೆಳೆದರೆ ನಾಲ್ಕು ತಲೆಮಾರು ಉದ್ಧಾರ. ನಾಲ್ಕು ಜನ ತ್ಯಾಗ ಮಾಡಬೇಕು. ಈಗಿನವರಿಗೆ ಅದೇ ಗೊತ್ತಿಲ್ಲ.

ಸುರೇಶ: ಯಾರ ಜಾಗ ಹೋಗಬೇಕು ಅಂತ ತೀರ್ಮಾನಿಸಿದ ರೀತಿ ನೋಡಿ ದೊಡ್ಡಪ್ಪ. ಮಾರದವರ ಜಾಗ ಬಲವಂತವಾಗಿ ತಗೊಳ್ಳೋಕೆ ಆ ಪ್ರದೇಶ ಪಾಳುಬಿದ್ದಿದೆ ಅಂತ ತೋರಿಸಬೇಕಿತ್ತು, ಅದಕ್ಕೆ ರಾಜ್ಯದ ಅಭಿವೃದ್ಧಿ ನಿಗಮ ವರದಿ ಮಾಡಿಸಿತು. ಬರೆದ ಎಕೆಆರ್‌ಎಫ್ ಕಂಪನಿ ವಿಶ್ವವಿದ್ಯಾಲಯಕ್ಕೂ ಕೆಲಸ ಮಾಡ್ತಿತ್ತು. ಅಷ್ಟರಲ್ಲಿ ಅಲ್ಲಿನ ಬಹುಪಾಲು ಕಟ್ಟಡ ವಿಶ್ವವಿದ್ಯಾಲಯವೇ ಕೊಂಡಾಗಿತ್ತು. ಕೊಂಡವರು ದುರಸ್ತಿ ಮಾಡಿಸದೇ ಬಿಟ್ಟರೆ ಸೋರೋ ಸೂರು ಪಾಳು ಅನ್ನೋದಕ್ಕೆ ಸಾಕ್ಷಿಯಾಗುತ್ತೆ. ಇದು ಅನ್ಯಾಯ, ಇದಕ್ಕೆ ತ್ಯಾಗ ಅನ್ನಬೇಡಿ.

ಚಿಕ್ಕಮ್ಮ: ಕೆಡವೋದು ಅಂದ ತಕ್ಷಣ ಹಳೇ ಮನೆ ಜಗಲಿ ನೆನಪಾಯ್ತು. ಕಂಬದ ಫೋಟೋ ಯಾರ ಹತ್ರ ಇದೆ? 😢

ಭಾವ: ಆ ಜಗಲಿ ಕೆಡವೋಣ ಅಂದಿದ್ದು ಯಾರು ಅಂತ ದೊಡ್ಡಪ್ಪನ್ನೇ ಕೇಳಿ.

ದೊಡ್ಡಪ್ಪ: ಗೆದ್ದಲು ಹಿಡಿದಿತ್ತು. ಆ ಮಾತು ಇಲ್ಲಿ ಬೇಡ.

ವೀಣಕ್ಕ: ಸುರೇಶ, ಕೋರ್ಟಿಂದೂ ಹೇಳು.

ಸುರೇಶ: ಗೋದಾಮಿನ ಮಾಲೀಕರು, ಪೆಟ್ರೋಲ್ ಬಂಕಿನ ಕೌರ್ ಕುಟುಂಬ ಕೇಸು ಹಾಕಿದ್ರು. 2009ರ ಡಿಸೆಂಬರ್‌ನಲ್ಲಿ ಮೇಲ್ಮನವಿ ಪೀಠದಲ್ಲಿ 3–2ರಿಂದ ಗೆದ್ದರು. 2010ರ ಜೂನ್‌ನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದನ್ನ ತಿರುಗಿಸಿತು. ಅರ್ತ್ ಟೆಕ್ ಅನ್ನೋ ಇನ್ನೊಂದು ಕಂಪನಿಯ ಎರಡನೇ ವರದಿ ನಿಗಮಕ್ಕೆ ಆಸರೆಯಾಯ್ತು.

ಭಾವ: ಅಂದ್ರೆ ಸೋತರು. ನಾನು ಕಳಿಸಿದ್ದೇ ಸರಿ.

ವೀಣಕ್ಕ: ಒಬ್ಬರೂ ತಡೆಯಲಿಲ್ಲ ಅಂತ ಕಳಿಸಿದ್ರಿ, ಅದು ಸರಿಯಾ? 1968ರಲ್ಲಿ ಇದೇ ವಿಶ್ವವಿದ್ಯಾಲಯ ಮಾರ್ನಿಂಗ್‌ಸೈಡ್ ಪಾರ್ಕಿನಲ್ಲಿ ಜಿಮ್ ಕಟ್ಟೋಕೆ ಫೆಬ್ರವರಿಯಲ್ಲಿ ಅಗೆತ ಶುರು ಮಾಡಿತು. ಹಾರ್ಲೆಮ್ ಜನ, ವಿದ್ಯಾರ್ಥಿಗಳು ಎದ್ದು ನಿಂತರು, ಯೋಜನೆ ಬಿಟ್ಟೇಬಿಟ್ಟರು. ಅದು ಸಾರ್ವಜನಿಕ ಪಾರ್ಕು, ಒಬ್ಬೊಬ್ಬರಿಂದ ಕೊಂಡುಕೊಳ್ಳೋ ದಾರಿ ಇರಲಿಲ್ಲ. ಮ್ಯಾನ್‌ಹ್ಯಾಟನ್‌ವಿಲ್‌ನಲ್ಲಿ ಒಂದೊಂದೇ ಕಟ್ಟಡ ಸದ್ದಿಲ್ಲದೆ ಕೈ ಬದಲಾಯಿಸ್ತು.

ಚಿಕ್ಕಮ್ಮ: ಹಾಗಾದ್ರೆ ಅಲ್ಲಿನ ಜನ ಏನು ಮಾಡಬೇಕಿತ್ತು?

ಸುರೇಶ: ಸಾವಿರ ಸಹಿಯ ಮನವಿಗಿಂತ ಒಂದು ಪಟ್ಟಿ ಗಟ್ಟಿ ಚಿಕ್ಕಮ್ಮ. ಪ್ರತಿ ಕಟ್ಟಡದ ಬ್ಲಾಕ್-ಲಾಟ್ ನಂಬರ್ (ಆಸ್ತಿ ಗುರುತಿನ ಸಂಖ್ಯೆ), ಮಾಲೀಕ ಯಾರು, ಕೊಂಡ ತಾರೀಖು, ಬಾಡಿಗೆದಾರರು ಇದ್ದಾರಾ, ಬಾಕಿ ಉಳಿದ ನಿಯಮ ಉಲ್ಲಂಘನೆಗಳು. ಜೊತೆಗೆ ತಾರೀಖು ಸಮೇತ ಫೋಟೋ, ಮಾರಾಟಕ್ಕೆ ಮೊದಲು ಒಂದು, ಆಮೇಲೆ ಕೆಲವು ತಿಂಗಳಿಗೊಂದು. ಯಾರ ಕೈಯಲ್ಲಿದ್ದಾಗ ಹಾಳಾಯ್ತು ಅನ್ನೋದು ಅದರಿಂದಲೇ ಗೊತ್ತಾಗೋದು. ಅದನ್ನ ಸಾರ್ವಜನಿಕ ವಿಚಾರಣೆಯ ದಾಖಲೆ ಮುಚ್ಚೋ ಮುಂಚೆ ಲಿಖಿತವಾಗಿ ಸಲ್ಲಿಸಬೇಕು. ಕೋರ್ಟ್ ಆ ದಾಖಲೆಯನ್ನೇ ನೋಡೋದು. ಈ ಕೇಸಿನಲ್ಲಿ ಮಾಹಿತಿ ಹಕ್ಕಲ್ಲಿ ಕೇಳಿದ ಕಾಗದಗಳು ವರ್ಷಗಟ್ಟಲೆ ಎಳೆದವು, ದಾಖಲೆ ಮುಚ್ಚಿತು.

ಭಾವ: ಗುಂಪಿನಲ್ಲಿ ಮೂರು ಜನ ವಕೀಲರು ಇದ್ದಾರೆ ಅಂತ ಮರೆತಿದ್ದೆ.

ದೊಡ್ಡಪ್ಪ: ಸುಮ್ಮನಿರಪ್ಪ. ವೀಣಾ, ಕೋರ್ಟಿಗೆ ಎಷ್ಟು ದಿನ ಇರುತ್ತೆ?

ವೀಣಕ್ಕ: ಆ ಕೇಸಿನ ಕಾಲಕ್ಕೆ ನ್ಯೂಯಾರ್ಕಿನಲ್ಲಿ 30 ದಿನ ಇತ್ತು ದೊಡ್ಡಪ್ಪ. ಜಾಗ ತಗೊಳ್ಳೋ ನಿಗಮದ ತೀರ್ಮಾನ ಪತ್ರಿಕೆಯ ಎರಡು ಸಂಚಿಕೆಗಳಲ್ಲಿ ಪ್ರಕಟವಾಗಿ ಮುಗಿದ ದಿನದಿಂದ ಲೆಕ್ಕ. ಶುರುವಿನಲ್ಲೇ ನೇರ ಮೇಲ್ಮನವಿ ಪೀಠಕ್ಕೇ ಹೋಗಬೇಕು, ಕೆಳಗಿನ ಕೋರ್ಟಿಗಲ್ಲ.