ಕಾಂಬೋಡಿಯಾದ ನಿರಾಶ್ರಿತರಿಗೆ ಡೋನಟ್ ಅಂಗಡಿಗಳು ದಕ್ಕಿದ್ದು ಹೇಗೆ?

ಪ್ರಶ್ನೆ:
1975ರ ಏಪ್ರಿಲ್‌ನಲ್ಲಿ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಬಂಡುಕೋರ ಪಡೆಗಳು ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್ ನಗರವನ್ನು ವಶಪಡಿಸಿಕೊಂಡ ನಂತರ ಅಮೆರಿಕ ಸೇರಿದ ಕಾಂಬೋಡಿಯನ್ನರಲ್ಲಿ ಅನೇಕರು ಕ್ಯಾಲಿಫೋರ್ನಿಯಾದಲ್ಲಿ ಡೋನಟ್ ಅಂಗಡಿ ತೆರೆದರೆಂದು ಓದಿದ್ದೇನೆ. ಅದು ಅವರ ನಾಡಿನ ತಿನಿಸಲ್ಲ. ಬಂಡವಾಳವೂ ಇಲ್ಲದೆ, ಬ್ಯಾಂಕಿನ ಮುಂದಿಡಲು ಅಡಮಾನವೂ ಇಲ್ಲದೆ ಬಂದವರಿಗೆ ಇದು ಹೇಗೆ ಸಾಧ್ಯವಾಯಿತು?

ಉತ್ತರ 1:
ಆರಂಭ ಟೆಡ್ ನೋಯ್ ಎಂಬ ಕಾಂಬೋಡಿಯನ್ ನಿರಾಶ್ರಿತರಿಂದ. 1975ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಂಪ್ ಪೆಂಡಲ್‌ಟನ್ ನಿರಾಶ್ರಿತರ ಶಿಬಿರಕ್ಕೆ ಬಂದ ಅವರು ಚರ್ಚೊಂದರಲ್ಲಿ ಕಸ ಗುಡಿಸುತ್ತ, ರಾತ್ರಿ ಪೆಟ್ರೋಲ್ ಬಂಕಿನಲ್ಲಿ ದುಡಿಯುತ್ತ, ಬಳಿಕ ವಿಂಚೆಲ್ಸ್ ಎಂಬ ಡೋನಟ್ ಕಂಪನಿಯಲ್ಲಿ ತರಬೇತಿ ಪಡೆದು, ಲಾ ಹಾಬ್ರಾದಲ್ಲಿದ್ದ ಕ್ರಿಸ್ಟೀಸ್ ಎಂಬ ಡೋನಟ್ ಅಂಗಡಿಯನ್ನು ಕೊಂಡರು. ಮುಂದೆ ಹತ್ತಾರು ಅಂಗಡಿಗಳನ್ನು ಕೊಂಡು, ಹೊಸದಾಗಿ ಬಂದ ನಿರಾಶ್ರಿತ ಕುಟುಂಬಗಳಿಗೆ ಕೆಲಸ ಕಲಿಸಿ ಗುತ್ತಿಗೆಗೆ ಕೊಟ್ಟರು.

ಉತ್ತರ 2:
ಮೇಲಿನ ಉತ್ತರ ಸರಿ, ಆದರೆ ಒಬ್ಬ ವ್ಯಕ್ತಿಯಿಂದ ಇಡೀ ಕಸುಬು ನಿಲ್ಲುವುದಿಲ್ಲ. ಹಣದ ಪ್ರಶ್ನೆಗೆ ಉತ್ತರ 'ಟಾಂಗ್‌ಟೀನ್' ಎಂಬ ಚೀಟಿ ವ್ಯವಹಾರದಲ್ಲಿದೆ: ಪರಿಚಿತ ಕುಟುಂಬಗಳು ಪ್ರತಿ ತಿಂಗಳೂ ಹಣ ಹಾಕುತ್ತವೆ, ತುರ್ತಿರುವವರು ಹೆಚ್ಚಿನ ಬಡ್ಡಿಗೆ ಕೂಗಿ ಒಟ್ಟು ಮೊತ್ತವನ್ನು ಎತ್ತಿಕೊಳ್ಳುತ್ತಾರೆ. ಅಲ್ಲಿ ಕಾಗದಪತ್ರಕ್ಕಿಂತ ಪರಸ್ಪರ ನಂಬಿಕೆಯೇ ಜಾಮೀನು. ಡೋನಟ್ಟನ್ನೇ ಆರಿಸಿಕೊಂಡುದಕ್ಕೂ ಕಾರಣವಿದೆ. ಮೈದಾ, ಸಕ್ಕರೆ, ಎಣ್ಣೆ ಅಗ್ಗ. ವ್ಯಾಪಾರಕ್ಕೆ ಬೇಕಾದ ಇಂಗ್ಲಿಷ್ ಅಲ್ಪ. ಮೇಲಾಗಿ ನಡುರಾತ್ರಿಯಲ್ಲಿ ಹಿಟ್ಟು ನಾದುವುದರಿಂದ ಹಿಡಿದು ಗಲ್ಲಾಪೆಟ್ಟಿಗೆಯವರೆಗಿನ ದುಡಿಮೆಯನ್ನು ಮನೆಯವರೇ ಹಂಚಿಕೊಂಡರೆ ಕೂಲಿಯ ಖರ್ಚೇ ಇಲ್ಲ. ಈ ಕೊನೆಯ ಅಂಶವನ್ನು 'ಕುಟುಂಬದ ಒಗ್ಗಟ್ಟು' ಎಂದು ಕೊಂಡಾಡುವವರಿಗೆ, ಆ ಲಾಭವೆಲ್ಲ ಹೆಂಡತಿ ಮಕ್ಕಳ ಲೆಕ್ಕಕ್ಕೆ ಬಾರದ ಗಂಟೆಗಳಿಂದ ಬಂದದ್ದೆಂದು ನೆನಪಿಸಬೇಕಾಗುತ್ತದೆ. ಈಗ ಇಂಥ ಅನೇಕ ಮನೆಗಳ ಮಕ್ಕಳು ಓದಿ ಬೇರೆ ಉದ್ಯೋಗ ಹಿಡಿದಿದ್ದಾರೆ. ಹೆತ್ತವರು ಬಯಸಿದ್ದೂ ಬಹುಮಟ್ಟಿಗೆ ಅದನ್ನೇ.

ಉತ್ತರ 3:
ನೋಯ್ ಜೂಜಿನಲ್ಲಿ ಆಸ್ತಿಯನ್ನೆಲ್ಲ ಕಳೆದುಕೊಂಡರೆಂಬುದನ್ನೂ ಸೇರಿಸುತ್ತೇನೆ. ಅವರ ಬಳಿ ಪಳಗಿದವರ ಅಂಗಡಿಗಳು ಮಾತ್ರ ಉಳಿದವು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಾದರೆ ಬಂದವರೆಲ್ಲರಿಗೂ ಈ ದಾರಿ ತೆರೆದಿತ್ತೇ?

ಉತ್ತರ 2 ಬರೆದವರು:
ಇಲ್ಲ. 1975ರಲ್ಲೇ ಹೊರಬಿದ್ದವರಲ್ಲಿ ನಗರವಾಸಿಗಳು, ಓದಿದವರು ಹೆಚ್ಚಾಗಿದ್ದರು. 1979ರ ನಂತರ ಥಾಯ್ಲೆಂಡಿನ ಖಾವ್ ಇ ದಾಂಗ್‌ನಂಥ ಶಿಬಿರಗಳನ್ನು ದಾಟಿ ಬಂದವರಲ್ಲಿ ಬಹಳ ಮಂದಿ ರೈತರು. ಖ್ಮೇರ್ ರೂಜ್ ಆಳ್ವಿಕೆಯಲ್ಲಿ ಹಸಿವು, ಬಲವಂತದ ದುಡಿಮೆ, ಬಂಧುಗಳ ಸಾವು ಇವನ್ನೆಲ್ಲ ಕಂಡವರು. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ನೆಲೆಸಿದ ಇಂಥ ಅನೇಕರು ವರ್ಷಗಟ್ಟಲೆ ಸರ್ಕಾರಿ ನೆರವಿನ ಮೇಲೆಯೇ ಬದುಕಬೇಕಾಯಿತು. ಚೀಟಿಗೆ ಸೇರಲೂ ತಿಂಗಳ ಕಂತು ಕಟ್ಟುವಷ್ಟು ಸಂಪಾದನೆ ಬೇಕಲ್ಲವೇ?