ಸ್ಕ್ರೀನ್‌ಶಾಟೆಲ್ಲ ಸೇರಿಸಿ ಒಂದು ಪಿಡಿಎಫ್ ಮಾಡಿದ್ರೆ ಸಾಕಾ?

(ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು, ಶಿವಮೊಗ್ಗ)

ಸೊರಬದ ಅಣ್ಣ: ಫಾರ್ವರ್ಡ್ ಬಂದಿದ್ದು: "ಪತ್ರ, ಲೆಕ್ಕ ಬರೆಯುವ ಉಚಿತ ತಂತ್ರಾಂಶ ಲಿಬ್ರೆಆಫೀಸ್‌ನ ಮುಂದಿನ ಆವೃತ್ತಿಯ ಬೀಟಾ (ಪರೀಕ್ಷೆಗೆ ಬಿಟ್ಟ ರೂಪ) ಬಂದಿದೆ. ಕನ್ನಡದಲ್ಲಿ ಏನೇ ತೊಂದರೆ ಕಂಡರೂ ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೆ ಹಾಕಿ. ಎಲ್ಲ ಸೇರಿಸಿ ಒಂದೇ ಪಿಡಿಎಫ್ ಮಾಡಿ ಕಳಿಸೋಣ."
ನಮ್ಮ ಗುಂಪಿಂದ ಇಪ್ಪತ್ತು ಜನ ಆದ್ರೂ ಸೇರ್ಬೇಕು. ಪಿಡಿಎಫ್ ಜವಾಬ್ದಾರಿ ನಂದು.

ಸಾಗರದ ಅಕ್ಕ: ಸೇರೋಕೆ ನಾನು ತಯಾರು, ಪಿಡಿಎಫ್ ಮಾತ್ರ ಬೇಡ ಅಣ್ಣ. ಲಿಬ್ರೆಆಫೀಸ್‌ನೋರು ದೂರು ತಗೊಳ್ಳೋ ಬಗ್‌ಜಿಲಾ ತಾಣದಲ್ಲಿ ಒಂದು ತೊಂದರೆಗೆ ಒಂದು ನಂಬರು. ಅಕ್ಷರ ಜೋಡಣೆ ನೋಡೋರು ಬೇರೆ, ಲೆಕ್ಕದ ಹಾಳೆ ಕ್ಯಾಲ್ಕ್ ನೋಡೋರು ಬೇರೆ. ಇಪ್ಪತ್ತನ್ನೂ ಒಂದೇ ಚೀಲಕ್ಕೆ ತುಂಬಿದ್ರೆ ಯಾರೂ ಬಿಚ್ಚಲ್ಲ.

ಸೊರಬದ ಅಣ್ಣ: ಹಂಗಾದ್ರೆ ಡಿಟಿಪಿ ಮಾಡೋರು, ಸೊಸೈಟಿ ಲೆಕ್ಕ ಬರೆಯೋರು, ಮೇಷ್ಟ್ರು, ಇವರೆಲ್ಲ ಅಕೌಂಟ್ ಮಾಡಿ ಇಂಗ್ಲಿಷಲ್ಲಿ ಬರೀತಾ ಕೂರ್ಬೇಕಾ ಮಾರಾಯ್ತಿ? ದಿನಾ ಕನ್ನಡ ಟೈಪ್ ಮಾಡೋರು ಅವರು. ಅವರಿಗೆ ಕಾಣೋದು ನಮಗೆ ಕಾಣಲ್ಲ. ಬಾಗಿಲು ಕಿರಿದು ಮಾಡಿದ್ರೆ ಕನ್ನಡದ ತೊಂದರೆ ಇದ್ದಲ್ಲೇ ಇರ್ತದೆ.

ತೀರ್ಥಹಳ್ಳಿ: ಅಣ್ಣ, ಫಾರ್ವರ್ಡ್ ಜೊತೆ ಬಂದ ಚಿತ್ರನೇ ನೋಡಿ. "ರ‍್ಯಾಂಕ್" ಅನ್ನೋದು ಅರ್ಕಾವತ್ತು ಬಂದು "ರ್ಯಾಂಕ್" ಆಗಿದೆ ಅಂತ ಕೆಂಪಲ್ಲಿ ಸುತ್ತು ಹಾಕಿದ್ದಾರೆ. ಇದು ಬಗ್ಗಾ (ತಂತ್ರಾಂಶದ ತಪ್ಪಾ), ಟೈಪಿಂಗ್ ತಪ್ಪಾ? ರ, ಹಲಂತ, ಯ ಅಂತ ಒತ್ತಿದ್ರೆ ಅರ್ಕಾವತ್ತು ಬರೋದೇ ಸರಿ, "ಸೂರ್ಯ"ದಲ್ಲಿ ಬಂದ ಹಾಗೆ. ರ ಆದ್ಮೇಲೆ, ಹಲಂತಕ್ಕೆ ಮುಂಚೆ, ಝಡ್‌ಡಬ್ಲ್ಯೂಜೆ ಅನ್ನೋ ಕಣ್ಣಿಗೆ ಕಾಣದ ಕೋಡು ಇದ್ರೆ ಮಾತ್ರ "ರ‍್ಯಾಂಕ್" ಆಗೋದು. ಅದು ಇದ್ದೂ ಅರ್ಕಾವತ್ತು ಬಂದ್ರೆ ಬಗ್. ಚಿತ್ರ ನೋಡಿ ಯಾರಿಗೂ ಇದು ಹೇಳೋಕೆ ಬರಲ್ಲ. ಮೂಲ ಫೈಲೇ ಬೇಕು.

ಸೊರಬದ ಅಣ್ಣ: ಪರೀಕ್ಷೆ ಮಾಡೋದು ಹೆಂಗೆ?

ತೀರ್ಥಹಳ್ಳಿ: ಲಿಬ್ರೆಆಫೀಸಲ್ಲಿ ಪತ್ರ ಬರೆಯೋ ರೈಟರ್‌ನಲ್ಲಿ ಹೊಸ ಫೈಲು. ರ ಬರೆದು, ಇಂಗ್ಲಿಷ್ ಕೀಲಿಗೆ ಹೋಗಿ ಯು+200ಡಿ ಹೊಡೆದು ಆಲ್ಟ್ ಎಕ್ಸ್ ಒತ್ತಿ. ಆ ಅಂಕಿ ಮಾಯ ಆಗಿ ಝಡ್‌ಡಬ್ಲ್ಯೂಜೆ ಕೂರ್ತದೆ. ಆಮೇಲೆ ಹಲಂತ, ಯಾಂಕ್. ಇದೇ ಸಾಲನ್ನ ನೋಟೋ ಸಾನ್ಸ್ ಕನ್ನಡ, ತುಂಗಾ, ನಿರ್ಮಲಾ ಯುಐ ಮೂರರಲ್ಲೂ ನೋಡಿ. ಒಂದ್ರಲ್ಲಿ ಮಾತ್ರ ಒಡೆದ್ರೆ ಅನುಮಾನ ಫಾಂಟಿನ ಮೇಲೆ. ಮೂರರಲ್ಲೂ ಒಡೆದ್ರೆ ಚಿಕ್ಕ ಎಚ್‌ಟಿಎಂಎಲ್ ಫೈಲಲ್ಲಿ ಅದೇ ಫಾಂಟ್ ಕೊಟ್ಟು ಫೈರ್‌ಫಾಕ್ಸಲ್ಲಿ ತೆಗೀರಿ. 2017ರ 5.3 ಆವೃತ್ತಿಯಿಂದ ಲಿಬ್ರೆಆಫೀಸ್ ಎಲ್ಲ ಕಡೆ ಅಕ್ಷರ ಜೋಡಿಸೋದು ಹಾರ್ಫ್‌ಬಝ್ ಅನ್ನೋ ತಂತ್ರಾಂಶದಿಂದ, ಫೈರ್‌ಫಾಕ್ಸಲ್ಲೂ ಅದೇ ಇದೆ. ಅಲ್ಲಿ ಸರಿ, ಇಲ್ಲಿ ತಪ್ಪು ಅಂದ್ರೆ ದೂರು ಲಿಬ್ರೆಆಫೀಸಿಗೇ ಹೋಗ್ಬೇಕು.

ವಿನೋಬನಗರ: ಬಗ್ ಅಲ್ದೇ ಇರೋದು ಇನ್ನೆರಡು ಖಂಡಿತ ಬರ್ತವೆ, ಈಗ್ಲೇ ಹೇಳಿಬಿಡ್ತೀನಿ. ನುಡಿ ತಂತ್ರಾಂಶದ ಹಳೇ ಆಸ್ಕಿ ಫಾಂಟಲ್ಲಿ ಬರೆದ ಫೈಲಲ್ಲಿ ಒಳಗಿರೋದು ಇಂಗ್ಲಿಷ್ ಕೋಡು. ಫಾಂಟ್ ಬದಲಿಸಿದ್ರೆ ಗೀಚುಬಾಚು ಕಾಣೋದು ಸಹಜ, ಯುನಿಕೋಡಿಗೆ ಪರಿವರ್ತಿಸ್ಬೇಕು. ಎರಡನೇದು, ಪ್ಯಾರಾಗ್ರಾಫ್ ಸ್ಟೈಲಲ್ಲಿ ವೆಸ್ಟರ್ನ್ ಜಾಗದಲ್ಲಿ ಫಾಂಟ್ ಬದಲಿಸಿ "ಕನ್ನಡಕ್ಕೆ ತಾಗ್ಲಿಲ್ಲ" ಅನ್ನೋದು. ಕನ್ನಡ ಹೋಗೋದು ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಲೆಕ್ಕಕ್ಕೆ, ಅದಕ್ಕೆ ಫಾಂಟ್ ಬೇರೆ, ಗಾತ್ರ ಬೇರೆ.

ಸೊರಬದ ಅಣ್ಣ: ಇಷ್ಟೆಲ್ಲ ಗೊತ್ತಿದ್ದೋರು ಮಾತ್ರ ಬನ್ನಿ ಅಂದ್ರೆ ಈ ಗುಂಪಲ್ಲಿ ಉಳಿಯೋದು ನೀವು ಮೂರೇ ಜನ.

ಸಾಗರದ ಅಕ್ಕ: ಅವರು ಕಾರಣ ಹುಡುಕೋದು ಬೇಡ ಅಣ್ಣ. ಬೇರೆಯವರ ಕಂಪ್ಯೂಟರಲ್ಲೂ ಅದು ಮತ್ತೆ ಕಾಣೋ ಹಂಗೆ ಕೊಟ್ರೆ ಆಯ್ತು. "ಸಾರ್ಟ್ ಸರಿ ಬರ್ತಿಲ್ಲ" ಅಂದ್ರೆ ಎಂತದೂ ಗೊತ್ತಾಗಲ್ಲ. ಹಿಂಗೆ ಬರೆದ್ರೆ ಆಗ್ತದೆ (ಮಾದರಿಗೆ ಅಷ್ಟೆ, ಈ ಬಗ್ ಇದೆ ಅಂತಲ್ಲ):

"ಕ್ಯಾಲ್ಕ್‌ನಲ್ಲಿ ಹೊಸ ಹಾಳೆ. ಎ1ರಿಂದ ಎ4ರವರೆಗೆ ರಾಶಿ, ಬೆಟ್ಟೆ, ಸರಕು, ಗೊರಬಲು. ನಾಲ್ಕನ್ನೂ ಆರಿಸಿ ಸಾರ್ಟ್ ಅಸೆಂಡಿಂಗ್. ಬರಬೇಕಾದ್ದು: ಗೊರಬಲು, ಬೆಟ್ಟೆ, ರಾಶಿ, ಸರಕು. ಬಂದದ್ದು: ಬೆಟ್ಟೆ ಕೊನೆಗೆ. ಐದು ಸಲ ಮಾಡಿದ್ರೆ ಐದು ಸಲವೂ ಹೀಗೇ."

ಕೆಳಗೆ ಹೆಲ್ಪ್ ಮೆನುವಿನ ಅಬೌಟ್‌ನಲ್ಲಿರೋ ಮಾಹಿತಿ ಪೂರ್ತಿ ಅಂಟಿಸ್ಬೇಕು. ನಕಲು ಮಾಡೋ ಗುಂಡಿ ಅಲ್ಲೇ ಇದೆ. ಆವೃತ್ತಿ, ಬಿಲ್ಡ್ ಐಡಿ, ವಿಂಡೋಸ್ ಯಾವುದು, ಲೊಕೇಲ್ (ಭಾಷೆ, ದೇಶದ ಆಯ್ಕೆ) ಎಲ್ಲ ಅದ್ರಲ್ಲಿ ಬರ್ತದೆ. ಬಿಲ್ಡ್ ಐಡಿ ಇಲ್ದಿದ್ರೆ ಯಾವ ದಿನದ ಬೀಟಾ ಅಂತ ಹುಡುಕೋದ್ರಲ್ಲೇ ಹೊತ್ತು ಹೋಗ್ತದೆ.

ವಿನೋಬನಗರ: ಕಳಿಸೋ ಮುಂಚೆ ಹೆಲ್ಪ್‌ನಲ್ಲೇ ಇರೋ ರೀಸ್ಟಾರ್ಟ್ ಇನ್ ಸೇಫ್ ಮೋಡ್ ಒಂದ್ಸಲ ಮಾಡಿ. ಅಲ್ಲಿ ತೊಂದರೆ ಹೋದ್ರೆ ಹಳೇ ಪ್ರೊಫೈಲೋ (ನಮ್ಮ ಸೆಟ್ಟಿಂಗ್ ಇರೋ ಫೋಲ್ಡರು) ಎಕ್ಸ್‌ಟೆನ್ಶನ್ನೋ ಕಾರಣ. ಪರದೆ ಮೇಲೆ ಅಕ್ಷರ ಉಜ್ಜಿದಂಗೆ ಕಂಡ್ರೆ ಆಪ್ಷನ್ಸ್‌ನ ವ್ಯೂನಲ್ಲಿ ಸ್ಕಿಯಾ (ಪರದೆ ಮೇಲೆ ಚಿತ್ರ ಬರೆಯೋ ಭಾಗ) ಆಫ್ ಮಾಡಿ ನೋಡಿ.

ತೀರ್ಥಹಳ್ಳಿ: ಫೈಲ್ ದೊಡ್ಡದಿದ್ರೆ ಅರ್ಧ ಕತ್ತರಿಸ್ತಾ ಹೋಗೋದು. 40 ಪುಟದಲ್ಲಿ 20 ಅಳಿಸಿ, ತೊಂದರೆ ಉಳೀತಾ ನೋಡಿ. ಹೋಯ್ತಾ, ಅಂಡೂ ಮಾಡಿ ಇನ್ನರ್ಧ ಅಳಿಸಿ. ಆರು ಸಲಕ್ಕೆ ಒಂದು ಪುಟದೊಳಗೆ ಬರ್ತದೆ. ಹಾಕಿದ ಫೈಲ್ ಬಗ್‌ಜಿಲಾದಲ್ಲಿ ಲೋಕಕ್ಕೆಲ್ಲ ಕಾಣ್ತದೆ, ಸೊಸೈಟಿ ಸದಸ್ಯರ ಫೋನ್ ನಂಬರು, ಖಾತೆ ನಂಬರು ಇರೋದನ್ನ ಅಪ್ಪಿತಪ್ಪಿಯೂ ಹಾಕಬಾರ್ದು.

ವಿನೋಬನಗರ: ಇನ್‌ಸ್ಟಾಲ್ ವಿಷಯ ಯಾರೂ ಹೇಳ್ಲಿಲ್ಲ. ಬೀಟಾ ಲಿಬ್ರೆಆಫೀಸ್‌ಡೆವ್ ಅನ್ನೋ ಹೆಸರಲ್ಲಿ ಪಕ್ಕದಲ್ಲಿ ಬೇರೆಯಾಗೇ ಕೂರ್ತದೆ, ಪ್ರೊಫೈಲೂ ಬೇರೆ. ಆರ್‌ಸಿ (ಬೀಟಾ ಆದ್ಮೇಲೆ ಬರೋ ರಿಲೀಸ್ ಕ್ಯಾಂಡಿಡೇಟ್) ಹಂಗಲ್ಲ, ವಿಂಡೋಸಲ್ಲಿ ಈಗಿರೋದನ್ನೇ ತೆಗೆದು ಅದರ ಜಾಗಕ್ಕೆ ಬರ್ತದೆ. ಮಾರ್ಚ್ ಲೆಕ್ಕ ಬರೆಯೋ ಕಂಪ್ಯೂಟರಿಗೆ ಆರ್‌ಸಿ ಹಾಕಿಸಬೇಡಿ. ಬೀಟಾದಲ್ಲೂ ಫೈಲಿನ ನಕಲು ಮಾತ್ರ ತೆಗೆಯೋದು.
ಮಳೆಗಾಲಕ್ಕೆ ಬೇಕಾದ ಪರೀಕ್ಷೆನೂ ಒಂದಿದೆ. ಆಟೋರಿಕವರಿ (ಬರೆದದ್ದನ್ನ ತಾನೇ ಉಳಿಸೋ ವ್ಯವಸ್ಥೆ) 2 ನಿಮಿಷಕ್ಕೆ ಇಟ್ಟು, ಬರೀತಾ ಇರುವಾಗ ಟಾಸ್ಕ್ ಮ್ಯಾನೇಜರಿಂದ ಸಾಫೀಸ್.ಬಿನ್ (ಓಡ್ತಿರೋ ಲಿಬ್ರೆಆಫೀಸ್) ಬಲವಂತವಾಗಿ ನಿಲ್ಲಿಸಿ, ಮತ್ತೆ ತೆಗೆದಾಗ ಎಷ್ಟು ಸಾಲು ಉಳೀತು ಅಂತ ಬರ್ಕೊಳ್ಳಿ. ಆಗುಂಬೆ, ಹೊಸನಗರ ಕಡೆ ಕರೆಂಟ್ ಹೋಗೋ ರೀತಿಗೆ ಇದು ಮುಖ್ಯ.

ಸೊರಬದ ಅಣ್ಣ: ಸರಿ, ಪಿಡಿಎಫ್ ಬಿಟ್ಟೆ. ನನ್ನ ಮಾತೂ ಒಂದು ನಡೀಬೇಕು. ಅವರು ಕನ್ನಡದಲ್ಲಿ ಬರೀಲಿ. ಫೈಲು, ಮಾಡಿದ ಕ್ರಮ, ಅಬೌಟ್‌ನ ಮಾಹಿತಿ. ಇಂಗ್ಲಿಷ್ ಮಾಡಿ ಬಗ್‌ಜಿಲಾಕ್ಕೆ ಹಾಕೋದು ನೀವು ಮೂರು ಜನ.

ಸಾಗರದ ಅಕ್ಕ: ಒಪ್ಪಿದೆ. ಮೊದ್ಲೇ ಯಾರಾದ್ರೂ ಹಾಕಿದ್ದಾರಾ ಅಂತ ಹುಡುಕೋದೂ ನಮ್ಮ ಕೆಲಸ. ಆದ್ರೆ ತೊಂದರೆ ಕಂಡೋರು ಬೀಟಾ ಅಳಿಸಬಾರ್ದು. ಬಗ್‌ಜಿಲಾದಿಂದ ಪ್ರಶ್ನೆ ಬಂದು ದೂರಿನ ಸ್ಥಿತಿ ನೀಡ್‌ಇನ್ಫೋ (ಇನ್ನೂ ಮಾಹಿತಿ ಬೇಕು) ಆದಾಗ ಮತ್ತೆ ಮಾಡಿ ನೋಡಿ ಹೇಳ್ಬೇಕು. ತಿಂಗಳುಗಟ್ಟಲೆ ಉತ್ತರ ಹೋಗ್ದಿದ್ರೆ ಮುಚ್ಚಿಬಿಡ್ತಾರೆ. ನಮ್ಮ ದೂರಿಗೆ ನಾವೇ ನ್ಯೂ (ಖಚಿತ ಆದ ದೂರು) ಅಂತ ಹಾಕೋ ಹಂಗಿಲ್ಲ, ಅನ್‌ಕನ್ಫರ್ಮ್ಡ್ ಇದ್ದದ್ದನ್ನ ಇನ್ನೊಬ್ರು ನೋಡಿ ಖಚಿತ ಮಾಡ್ಬೇಕು.

ತೀರ್ಥಹಳ್ಳಿ: ಅಣ್ಣ, ಆ ರ‍್ಯಾಂಕ್ ಚಿತ್ರ ಯಾರ ಫೈಲಿಂದ ತೆಗೆದದ್ದು ಅಂತ ಫಾರ್ವರ್ಡ್ ಮಾಡಿದೋರ ಹತ್ರ ಕೇಳ್ತೀರಾ? ರೈಟರ್‌ನ ಮೂಲ ಒಡಿಟಿ ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳಿ, ಫೋಟೋ ಬೇಡ.