ಜಾತಿ ಒಂದೇ, ಗುಣ ಬೇರೆ: ಬಾವಲಿ ಲೇಖನಕ್ಕೆ ಎರಡು ಪದ ಬೇಕು

ಎಲ್ಲರಿಗೂ ನಮಸ್ಕಾರ. ಹಣ್ಣು ತಿನ್ನುವ ಬಾವಲಿಗಳ ಬಗ್ಗೆ ಹೈಸ್ಕೂಲ್ ಮಕ್ಕಳಿಗೆ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ಕಡೆ ಸರಿಯಾದ ಪದ ಸಿಗುತ್ತಿಲ್ಲ.

ವಿಷಯ ಹೀಗಿದೆ. ಇಸ್ರೇಲಿನ ಟೆಲ್ ಅವಿವ್ ವಿಶ್ವವಿದ್ಯಾಲಯದವರು 'ಈಜಿಪ್ಟಿನ ಹಣ್ಣುಬಾವಲಿ' ಅನ್ನುವ ಜಾತಿಯ ಬಾವಲಿಗಳ ಬೆನ್ನಿಗೆ ಪುಟ್ಟ ಜಿಪಿಎಸ್ ಅಂಟಿಸಿ, ಅವು ರಾತ್ರಿಯೆಲ್ಲ ಎಲ್ಲೆಲ್ಲಿ ಸುತ್ತುತ್ತವೆ ಅಂತ ನೋಡಿದ್ದಾರೆ. ಹಳ್ಳಿ ಕಡೆ ತಿನ್ನುವವು ಹೆಚ್ಚಾಗಿ ಗೊತ್ತಿರುವ ಮರಕ್ಕೇ ಮತ್ತೆ ಮತ್ತೆ ಹೋಗುತ್ತವೆ. ನಗರದಲ್ಲಿ ತಿನ್ನುವವು ಒಂದೇ ರಾತ್ರಿ ಹಲವು ಮರ ಸುತ್ತಿ ಬಗೆಬಗೆಯ ಹಣ್ಣು ತಿನ್ನುತ್ತವೆ. ಅಲ್ಲಿನವರದೇ 2018ರ ಇನ್ನೊಂದು ಅಧ್ಯಯನ ನನಗೆ ಇನ್ನೂ ಇಷ್ಟ. ಸಾಕಿದ ಗುಂಪಿನಲ್ಲಿ ಕೆಲವು ಬಾವಲಿಗಳು ತಾವೇ ಹೋಗಿ ಹಣ್ಣು ತಂದವು. ಕೆಲವು ಪಕ್ಕದ ಬಾವಲಿಯ ಬಾಯಿಂದಲೇ ಕಿತ್ತುಕೊಂಡವು. ಎಷ್ಟೋ ಕಾಲ ಕಳೆದರೂ ಅವು ತಮ್ಮ ರೀತಿ ಬಿಡಲಿಲ್ಲ.

ಒಂದೇ ಜಾತಿಯ ಎರಡು ಬಾವಲಿಗಳ ನಡುವಿನ ಈ ವ್ಯತ್ಯಾಸಕ್ಕೆ ಏನನ್ನೋಣ? 'ವೈಯಕ್ತಿಕ' ಅಂದ ಕೂಡಲೇ ಮನುಷ್ಯರ ಖಾಸಗಿ ವಿಷಯ ನೆನಪಾಗುತ್ತದೆ. 'ಬಿಡಿ ಬಾವಲಿ' ಅಂದರೆ ಗುಂಪು ಬಿಟ್ಟು ಬಂದದ್ದು ಅನ್ನಿಸುತ್ತದೆ. 'ಬಾವಲಿಯಿಂದ ಬಾವಲಿಗೆ' ಅಂದರೆ, ನಿಪಾ ಸುದ್ದಿ ಕೇಳಿದವರಿಗೆ ರೋಗ ಹರಡುವ ಮಾತೇ ಆಗಿಬಿಡುತ್ತದೆ. 'ಒಂದೊಂದು ಬಾವಲಿ' ಹತ್ತಿರ ಬರುತ್ತದೆ. ಆದರೆ 'ಒಂದೊಂದು ಬಾವಲಿ ದೂರ ಹಾರುತ್ತದೆ' ಅಂದರೆ 'ಕೆಲವು ಮಾತ್ರ' ಅಂತಲೂ ಅರ್ಥವಾಗಬಹುದು, 'ಪ್ರತಿಯೊಂದೂ' ಅಂತಲೂ ಆಗಬಹುದು. 'ಒಂದೊಂದರದು ಒಂದೊಂದು ದಾರಿ' ಅಂದಾಗ ಮಾತ್ರ ಗೊಂದಲ ಉಳಿಯುವುದಿಲ್ಲ. ಒಳಗೆ ಹೀಗೆ ಬರೆಯಬಹುದು, ತಲೆಬರಹಕ್ಕೆ ಉದ್ದವಾಯಿತು.

ದನ ಸಾಕುವವರು 'ಆ ಹಸುವಿನ ಗುಣವೇ ಹಾಗೆ' ಅನ್ನುತ್ತಾರಲ್ವಾ? ಆ 'ಗುಣ' ನನಗೆ ಹಿಡಿಸಿದೆ. 'ಚಾಳಿ' ಬೇಡ, ಅದರಲ್ಲಿ ತಪ್ಪು ಹೊರಿಸುವ ಧ್ವನಿ ಜಾಸ್ತಿ. 'ಗುಣಭೇದ' ಅಂದರೆ ಮಕ್ಕಳಿಗೆ ತಿಳಿಯುತ್ತದೆಯೇ?

ಎರಡನೆಯದು ಜಾಗದ ಮಾತು. ಬಾವಲಿ ಹಗಲು ತಲೆಕೆಳಗಾಗಿ ಜೋತುಬೀಳುವ ಗವಿ ಬೇರೆ, ರಾತ್ರಿ ಹಣ್ಣು ತಿನ್ನುವ ಜಾಗ ಬೇರೆ. ಹಳ್ಳಿ ಕಡೆಯ ಗವಿಯಲ್ಲಿದ್ದು ನಗರಕ್ಕೆ ಹೋಗಿ ತಿಂದು ಬರುವವೂ ಇವೆ. ಅವನ್ನು 'ನಗರದ ಬಾವಲಿ' ಅನ್ನಬಹುದೇ? 'ಆವಾಸ', 'ನೆಲೆ' ಅಂದರೆ ಎರಡೂ ಜಾಗ ಕಲಸಿಹೋಗುತ್ತವೆ. 'ತಂಗುದಾಣ' ಅಂದರೆ ಬಸ್ಸಿಗೆ ಕಾಯುವ ಜಾಗ. ಹಗಲಿನದಕ್ಕೆ 'ಜೋತುನೆಲೆ' ಅಂತ ಇಟ್ಟುಕೊಂಡಿದ್ದೇನೆ. ರಾತ್ರಿಯದಕ್ಕೆ 'ಮೇವಿನ ಜಾಗ' ಅಂತ ಬರೆದು ಅಳಿಸಿದೆ. ಹುಲ್ಲು ಸೊಪ್ಪಿಗೆ ಹೊಂದುವ 'ಮೇಯು' ಹಣ್ಣಿಗೆ ಒಗ್ಗುವುದಿಲ್ಲ ಅನ್ನಿಸಿತು.

ಮಲೆನಾಡು, ಕರಾವಳಿಯ ತೋಟದವರಲ್ಲಿ ಒಂದು ಕೋರಿಕೆ. ಬಾವಲಿ ಅಡಿಕೆ ಹಣ್ಣು ಕಚ್ಚಿಕೊಂಡು ಹೋಗಿ, ಸಿಪ್ಪೆ ಚೀಪಿ, ಅಡಿಕೆ ಉದುರಿಸುವ ಮರ ಇರುತ್ತದಲ್ಲ, ಅದಕ್ಕೆ ನಿಮ್ಮ ಕಡೆ ಏನಾದರೂ ಹೆಸರಿದೆಯೇ? ಇದ್ದರೆ ಊರಿನ ಹೆಸರಿನ ಜೊತೆ ಬರೆಯಿರಿ, ಲೇಖನದಲ್ಲಿ ಅದನ್ನೇ ಬಳಸುತ್ತೇನೆ.